ಅಪ್‌ಡೇಟ್: ಲೆನ್ಸ್ ಹಾಕುವ 16ರ ಹುಡುಗಿಗೆ ಸಂಜೆ ಕಣ್ಣುರಿ

ಮೈನಸ್ 3ರ ಸಾಫ್ಟ್ ಲೆನ್ಸ್ ಬಿಟ್ಟು ರಾತ್ರಿ ಹಾಕಿ ಮಲಗಿದರೆ ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಆಕಾರ ತಿದ್ದಿ, ಹಗಲು ಲೆನ್ಸ್ ಇಲ್ಲದೆ ಕಾಣುವಂತೆ ಮಾಡುವ ಆರ್ಥೋ-ಕೆ ಲೆನ್ಸ್ ಕೊಡಿಸಲೇ ಎಂದು ಕೇಳಿದ್ದೆ. ವಿಜಯಪುರದಲ್ಲೇ ಪರೀಕ್ಷೆ ಆಯ್ತು. ಲೆನ್ಸ್ ತೆಗೆಸಿ (ಇಲ್ಲದಿದ್ದರೆ ಅದು ಬಣ್ಣ ಹಿಡಿಯುತ್ತದೆ), ಫ್ಲೋರೆಸಿನ್ ಎಂಬ ಬಣ್ಣದ ಪಟ್ಟಿ ಕಣ್ಣಿಗೆ ಮುಟ್ಟಿಸಿ, ನೀಲಿ ಬೆಳಕಿನಲ್ಲಿ ನೋಡಿದರು: ಕಣ್ಣೀರಿನ ಪದರ 6 ಸೆಕೆಂಡಿಗೇ ಒಡೆಯಿತು, 10 ದಾಟಬೇಕಿತ್ತು. ಕಣ್ಣೀರಿನ ಪ್ರಮಾಣ ಅಳೆಯುವ ಶಿರ್ಮರ್ ಕಾಗದದ ಪಟ್ಟಿ ಮಾತ್ರ 5 ನಿಮಿಷಕ್ಕೆ 18 ಮಿ.ಮೀ. ತೊಯ್ದಿತ್ತು, ಅದು ಸರಿಯಾದ ಮಟ್ಟವೇ. ಅಂದರೆ ನೀರಿಗೆ ಬರವಿಲ್ಲ. ರೆಪ್ಪೆಯಂಚಿನ ಎಣ್ಣೆ ಗ್ರಂಥಿಗಳು ಕಟ್ಟಿಕೊಂಡು ಪದರ ಬೇಗ ಆರುತ್ತಿದೆ. ನಮ್ಮ ಬಿಸಿಲು, ದೂಳು ಬೇರೆ.

ಆರ್ಥೋ-ಕೆ ಹಾಕಿದರೆ ಹಗಲು ಕಣ್ಣಿಗೆ ಬಿಡುವು ನಿಜ. ಆದರೆ ಮುಚ್ಚಿದ ರೆಪ್ಪೆಯಡಿ ಕಾರ್ನಿಯಾಗೆ ಆಮ್ಲಜನಕ ಮೊದಲೇ ಕಡಿಮೆ; ನಲ್ಲಿ ನೀರಲ್ಲಿ ತೊಳೆದರೆ ನೀರಲ್ಲಿರುವ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿಯ ಸೋಂಕಿನ ಭಯ. ಸದ್ಯ ಕನ್ನಡಕವೇ, ಜೊತೆಗೆ ದಿನಕ್ಕೆರಡು ಸಲ 10 ನಿಮಿಷ ಬಿಸಿ ಬಟ್ಟೆಯ ಶಾಖ, ಪ್ರಿಸರ್ವೇಟಿವ್ ಇಲ್ಲದ ಹನಿ. ಹಳೇ ಲೆನ್ಸ್ ಡಬ್ಬಿ ಕಸಕ್ಕೆ ಹೋಯಿತು. ಅದರಲ್ಲಿ ನಿನ್ನೆಯ ದ್ರಾವಣದ ಮೇಲೇ ಹೊಸದು ಸುರಿಯುತ್ತಿದ್ದಳಂತೆ, ಅದೂ ಸೋಂಕಿಗೆ ದಾರಿ!