ಕಡತ: ಬಟ್ಟೆಯ ಪುಸ್ತಕವೋ, ಕಚೇರಿಯ ಫೈಲೋ?

ಬಳಗದ ಎಲ್ಲರಿಗೂ ನಮಸ್ಕಾರ.

ತೀರ್ಥಹಳ್ಳಿ, ಕೊಪ್ಪ, ಸಾಗರದ ಸುತ್ತಮುತ್ತ ಹಳೆಯ ಮನೆಗಳಲ್ಲಿ ಉಳಿದಿರುವ ಬರಹಗಳ ಪಟ್ಟಿ ಮಾಡುವ ಕೆಲಸಕ್ಕೆ ನಾವು ಕೆಲವರು ಕೈಹಾಕಿದ್ದೇವೆ. ತಾಳೆಗರಿ, ಕಾಗದ, ತಾಮ್ರಪಟ, ಇವುಗಳ ಹೆಸರಿಗೆ ಯಾರ ತಕರಾರೂ ಇಲ್ಲ. ತೊಡಕು ಬಂದಿರುವುದು ‘ಕಡತ’ದಲ್ಲಿ. ಪಟ್ಟಿಯಲ್ಲಿ ‘ಕಡತ 14, ಅಡಿಕೆ ಲೆಕ್ಕ’ ಎಂದು ಬರೆದರೆ, ಆ ವಸ್ತುವನ್ನು ಕಾಣದವರು ಟ್ಯಾಗು ಕಟ್ಟಿದ ರಟ್ಟಿನ ಫೈಲು ಅಂದುಕೊಳ್ಳುತ್ತಾರೆ. ಅವರದೇನೂ ತಪ್ಪಿಲ್ಲ. ದಿನಾ ಪೇಪರಿನಲ್ಲಿ ಓದುವುದು ‘ಕಡತ ವಿಲೇವಾರಿ’, ‘ಕಡತ ನಾಪತ್ತೆ’ ತಾನೆ!

ನಾನು ಹೇಳುತ್ತಿರುವ ಕಡತ ಬಟ್ಟೆಯದು. ಉದ್ದನೆಯ ಬಟ್ಟೆಗೆ ಹುಣಸೆ ಬೀಜದ ಅಂಟು ಬಳಿದು, ಇದ್ದಿಲಿನಿಂದ ಕಪ್ಪು ಮಾಡಿ, ಒಣಗಿಸಿ, ಹಿಂದೆ ಮುಂದೆ ಮಡಚಿಟ್ಟದ್ದು. ಬರೆಯುವುದು ಬಳಪದಲ್ಲಿ, ಕರಿಯ ಮೇಲೆ ಬಿಳಿ ಅಕ್ಷರ. ಲೆಕ್ಕ ತೀರಿದರೆ ಒರೆಸಿ ಮತ್ತೆ ಬರೆಯಬಹುದು. ಮಡಿಸಿದ ಜಾಗದಲ್ಲಿ ಅಂಟು ಬಿರಿದು ನೂಲು ಕಾಣುತ್ತಿರುತ್ತದೆ, ಅಲ್ಲಿದ್ದ ಅಕ್ಷರಗಳ ಆಸೆ ಬಿಡಬೇಕು. ನಡುಭಾಗ ಮಾತ್ರ ನಿನ್ನೆ ಬರೆದಷ್ಟು ಚೊಕ್ಕ. ಮಲೆನಾಡಿನ ಮಳೆಗಾಲ ಕಳೆದೂ ಇವು ಉಳಿದಿರುವುದು ಆಶ್ಚರ್ಯ. ಅಂಟೆಂದರೆ ಹುಳಕ್ಕೆ ಊಟವೇ ಅಲ್ಲವೇ.

ಇಂಥವುಗಳ ಹೆಸರುವಾಸಿ ಸಂಗ್ರಹ ಶೃಂಗೇರಿ ಮಠದ್ದು. ಮೈಸೂರು ಪುರಾತತ್ವ ಇಲಾಖೆಯ 1916ರ ವರದಿಯಲ್ಲೇ ಅಲ್ಲಿನ ಕಡತಗಳ ಪ್ರಸ್ತಾಪವಿದೆ. ಮಠದ ಲೆಕ್ಕ, ಶಿಲಾಶಾಸನ ತಾಮ್ರಶಾಸನಗಳ ನಕಲು, ಗುರುಪರಂಪರೆ, ಎಲ್ಲ ಅವುಗಳಲ್ಲಿವೆ. ಆ ವರ್ಷವೇ ಇಲಾಖೆಯ ಆರ್. ನರಸಿಂಹಾಚಾರ್ಯರಿಗೆ ಟಿಪ್ಪು ಸುಲ್ತಾನ ಮಠಕ್ಕೆ ಬರೆಸಿದ ಕನ್ನಡ ಪತ್ರಗಳೂ ಅಲ್ಲಿ ಸಿಕ್ಕವು. ಪತ್ರಗಳ ವಿಷಯ ಇವತ್ತಿಗೂ ಎಲ್ಲರ ಬಾಯಲ್ಲಿದೆ, ಕಡತಗಳನ್ನು ಕೇಳುವವರು ಕಡಿಮೆ. ನನ್ನ ಮಟ್ಟಿಗೆ ಮಲೆನಾಡಿನ ಬದುಕು ಹೆಚ್ಚು ಸಿಗುವುದು ಅವುಗಳಲ್ಲೇ: ಯಾವ ಊರಿನಿಂದ ಎಷ್ಟು ಅಕ್ಕಿ ಬಂತು, ಯಾವುದಕ್ಕೆ ಎಷ್ಟು ಹಣ ಹೋಯಿತು ಎಂಬುದೆಲ್ಲ ಬರುವುದು ಲೆಕ್ಕದಲ್ಲಿ ತಾನೆ.

ಈಗ ಪದದ ವಿಷಯ. ಸರ್ಕಾರಿ ಕನ್ನಡ ‘ಕಡತ’ವನ್ನು ಬಟ್ಟೆಯಿಂದ ಕಿತ್ತು ಫೈಲಿಗೆ ಅಂಟಿಸಿತು ಎಂದು ನಮ್ಮಲ್ಲೊಬ್ಬರು ಗೊಣಗಿದರು. ನನಗೆ ಹಾಗನ್ನಿಸುವುದಿಲ್ಲ. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ‘ಕಡಿತವೆರ್ಗಡೆ’ ಎಂಬ ಅಧಿಕಾರಿ ಬರುತ್ತಾನೆ (‘ಕಡಿತ’ ಎಂಬುದು ‘ಕಡತ’ದ ಇನ್ನೊಂದು ರೂಪ). ದಫ್ತರ, ಲೆಕ್ಕ ನೋಡಿಕೊಳ್ಳುವ ಹೆಗ್ಗಡೆ. ಅಂದರೆ ಕಚೇರಿಯ ನಂಟು ಈ ಪದಕ್ಕೆ ಒಂಬತ್ತು ನೂರು ವರ್ಷದಷ್ಟಾದರೂ ಹಳೆಯದು. ಕಿಟೆಲ್ ನಿಘಂಟು (1894) ಕೊಡುವುದು ಇದ್ದಿಲು ಬಳಿದ ಬಟ್ಟೆಯ ಅರ್ಥವನ್ನು. ಎರಡು ಅರ್ಥವೂ ಜತೆಜತೆಗೇ ಬಂದಿರಬೇಕು. ಬಟ್ಟೆ ಮೂಲೆ ಸೇರಿತು, ಕಚೇರಿ ಬೆಳೆಯಿತು, ಅಷ್ಟೇ.

‘ಕಡಿತ’ ಎಂಬ ರೂಪ ಹಿಂದೆ ಸರಿದದ್ದಕ್ಕೆ ಕಾರಣ ‘ಕಡಿ’ ಧಾತುವಿನ ಕಡಿತವೇ ಇರಬಹುದೆಂದು ನನ್ನ ಊಹೆ. ಸಂಬಳ ಕಡಿತ, ವಿದ್ಯುತ್ ಕಡಿತದ ನಡುವೆ ಲೆಕ್ಕದ ಪುಸ್ತಕಕ್ಕೆ ಆ ರೂಪ ಉಳಿಯುವುದು ಕಷ್ಟ. ವ್ಯುತ್ಪತ್ತಿ ಬಲ್ಲವರು ಹೇಳಬೇಕು: ಈ ಪದ ಹುಟ್ಟಿದ್ದೂ ‘ಕಡಿ’ಯಿಂದಲೇ, ಬಟ್ಟೆಗೆ ಸಂಬಂಧಪಟ್ಟ ಬೇರೆ ಮೂಲವಿದೆಯೇ?

ನಿಜವಾಗಿ ನನಗೆ ತುರ್ತಾಗಿ ಬೇಕಾಗಿರುವುದು ಇನ್ನೊಂದು ಪದ. ತಾಳೆಯೋಲೆಗೆ ‘ಗರಿ’ ಎನ್ನುತ್ತೇವೆ, ಕಾಗದಕ್ಕೆ ‘ಹಾಳೆ’. ಕಡತದ ಒಂದು ಮಡಿಸಿದ ಭಾಗಕ್ಕೆ ಏನು? ಪಟ್ಟಿಯಲ್ಲಿ ‘ಎಂಟನೆಯ ಇಂಥದ್ದರಲ್ಲಿ ಗದ್ದೆಯ ಲೆಕ್ಕವಿದೆ’ ಎಂದು ತೋರಿಸಲೇಬೇಕು. ‘ಪುಟ’ ಎಂದರೆ ಕತ್ತರಿಸಿ ಹೊಲಿದಂತಾಗುತ್ತದೆ, ಇದು ಎಲ್ಲೂ ಕತ್ತರಿಸದ ಒಂದೇ ಬಟ್ಟೆ. ಸದ್ಯಕ್ಕೆ ‘ಮಡಿಕೆ’ ಎಂದು ಬರೆದುಕೊಳ್ಳುತ್ತಿದ್ದೇನೆ. ಮಡಕೆಯನ್ನೂ ‘ಮಡಿಕೆ’ ಎನ್ನುವ ಸೀಮೆಯವರು ಅಡುಗೆಮನೆಗೆ ಹೋಗಿಬಿಟ್ಟಾರು ಎಂಬ ಅಳುಕು ಇದ್ದೇ ಇದೆ. ನಿಮ್ಮ ಮನೆಯ ಹಿರಿಯರು, ಹಳೆಯ ಜವಳಿ ಅಂಗಡಿಯವರು, ಶಾನುಭೋಗರ ಮನೆತನದವರು ಏನಾದರೂ ಹೇಳುತ್ತಿದ್ದರೇ? ಬಳಿದದ್ದು ಮಾಸಿದಾಗ ಮತ್ತೆ ಕಪ್ಪು ಹಾಕುವ ಕೆಲಸಕ್ಕೂ ಒಂದು ಹೆಸರು ಇದ್ದಿರಲೇಬೇಕು.

ಹೀಗೆ ಅರ್ಥ ಜಾರಿದ ಪದಗಳು ಪಟ್ಟಿಯಲ್ಲಿ ಇನ್ನೂ ಇವೆ. ‘ಶಿಸ್ತು’ ಎಂದರೆ ಮಲೆನಾಡಿನ ದಾಖಲೆಯಲ್ಲಿ ಭೂಕಂದಾಯದ ದರ, ಕೆಳದಿಯ ಶಿವಪ್ಪನಾಯಕನ (1645-60) ಹೆಸರಿನೊಂದಿಗೆ ಬೆಸೆದುಕೊಂಡದ್ದು. ‘ಶಿಸ್ತಿನ ಕಡತ’ ಎಂದು ನಾನು ಬರೆದದ್ದನ್ನು ನೋಡಿ ನಿವೃತ್ತ ನೌಕರರೊಬ್ಬರು, ‘ಯಾರ ಮೇಲೆ ಕ್ರಮ ಜರುಗಿಸಿದ್ದು?’ ಎಂದು ಕೇಳಿದರು! ‘ಬಿನ್ನವತ್ತಳೆ’ ದೊಡ್ಡವರಿಗೆ ಸಲ್ಲಿಸುವ ಅರಿಕೆಯ ಪತ್ರ, ಈಗ ಸನ್ಮಾನದಲ್ಲಿ ಕೊಡುವ ಚೌಕಟ್ಟು ಹಾಕಿದ ಮಾನಪತ್ರ. ‘ನಿರೂಪ’ ಮಾತ್ರ ಮಠಗಳ ಕಡೆ ಹಳೆಯ ಅರ್ಥದಲ್ಲೇ, ಮೇಲಿನವರ ಅಪ್ಪಣೆಯಾಗಿ, ಉಳಿದಿದೆ.

ಇವಕ್ಕೆಲ್ಲ ಹೊಸ ಪದ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ‘ಮಸಿವಸ್ತ್ರಲೇಖ’ ಎಂಬ ಸಲಹೆಯೂ ಬಂದಿತ್ತು, ಅದನ್ನು ಅಲ್ಲಿಗೇ ಬಿಡೋಣ. ‘ಬಟ್ಟೆ ಕಡತ’ ಎಂದು ಬರೆದು ಮುಂದೆ ಹೋದರಾಯಿತು ಎಂಬುದು ನನ್ನ ಪಕ್ಷ, ಬಳಗದ ಅಭಿಪ್ರಾಯ ತಿಳಿಸಿ.

ಕೊಡಗಿನವರಿಗೂ ಒಂದು ಮಾತು. ಕೊಡಗಿನ ಅರಸ ಲಿಂಗರಾಜನ ಅಪ್ಪಣೆಗಳ ಸಂಗ್ರಹವಾದ ಹುಕುಂನಾಮೆಯಂಥ ಕನ್ನಡ ದಾಖಲೆಗಳು ನಿಮ್ಮಲ್ಲಿವೆ. ಅಲ್ಲಿನ ಐನ್‌ಮನೆಗಳಲ್ಲಿ (ಕುಲದ ಮೂಲಮನೆಗಳಲ್ಲಿ) ಬಟ್ಟೆಯ ಲೆಕ್ಕಪುಸ್ತಕ ಇತ್ತೇ, ಇದ್ದರೆ ಕೊಡವ ಭಾಷೆಯಲ್ಲಿ ಅದಕ್ಕೆ ಏನೆನ್ನುತ್ತಾರೆ? ಉತ್ತರಿಸುವವರು ಪದದ ಜತೆ ಊರಿನ ಹೆಸರನ್ನೂ ಬರೆಯಿರಿ. ಘಟ್ಟ ಇಳಿದರೆ ಪದ ಬದಲಾಗುತ್ತದೆ.

ವಂದನೆಗಳು.