ಹಳೆಯ ಫೋರ್ ವೀಲ್ ಡ್ರೈವ್ ಗಾಡಿಯ ಮುಂದಿನ ಸಸ್ಪೆನ್ಷನ್ ಮನೆಯಲ್ಲೇ ಬಿಚ್ಚಿ ಕಟ್ಟುವ ಬಗ್ಗೆ

ಪ್ರಶ್ನೆ

ನಮಸ್ಕಾರ. ನನ್ನ ಬಳಿ 1988ರ ಒಂದು ಫೋರ್ ವೀಲ್ ಡ್ರೈವ್ ಗಾಡಿಯಿದೆ. ಮುಂದುಗಡೆ ಎರಡೂ ಚಕ್ರಗಳನ್ನು ಜೋಡಿಸುವ ಇಡಿಯ ಆಕ್ಸಲ್, ಎರಡೂ ಬದಿಗೆ ಕಮಾನು ಪಟ್ಟಿಗಳು (ಲೀಫ್ ಸ್ಪ್ರಿಂಗ್) ಇವೆ. ಗಂಟೆಗೆ 60 ಕಿಲೋಮೀಟರ್ ಆಸುಪಾಸಿನಲ್ಲಿ ಒಂದು ಗುಂಡಿಗೆ ಚಕ್ರ ಬಿದ್ದರೆ ಸಾಕು, ಸ್ಟೀರಿಂಗ್ ಎಡಕ್ಕೂ ಬಲಕ್ಕೂ ಗಡಗಡನೆ ಹೊಡೆದುಕೊಳ್ಳತೊಡಗುತ್ತದೆ. ವೇಗವನ್ನು ಬಹಳ ತಗ್ಗಿಸುವವರೆಗೆ ನಿಲ್ಲುವುದಿಲ್ಲ. ಚಕ್ರಗಳನ್ನು ಬ್ಯಾಲೆನ್ಸ್ ಮಾಡಿಸಿದ್ದೇನೆ. ಹೊಸ ಸ್ಟೀರಿಂಗ್ ಡ್ಯಾಂಪರ್ (ಸ್ಟೀರಿಂಗಿನ ಹೊಡೆತ ತಗ್ಗಿಸುವ ಶಾಕ್ ಅಬ್ಸಾರ್ಬರ್) ಹಾಕಿದ ಮೇಲೆ ಎರಡು ವಾರ ಸುಮ್ಮನಿದ್ದು ಮತ್ತೆ ಶುರುವಾಯಿತು. ಪಟ್ಟಿಯ ತುದಿಗಳಲ್ಲಿರುವ ರಬ್ಬರ್ ಬುಷ್‌ಗಳು ಬಿರುಕು ಬಿಟ್ಟಿರುವುದು ಬರಿಗಣ್ಣಿಗೇ ಕಾಣುತ್ತದೆ, ಬಲ ಚಕ್ರದ ಒಳಬದಿಯಲ್ಲಿ ಕಪ್ಪು ಎಣ್ಣೆ ಜಿನುಗುತ್ತಿದೆ. ಎಲ್ಲವನ್ನೂ ಮನೆಯಲ್ಲೇ ಬಿಚ್ಚಿ ಹೊಸದಾಗಿ ಕಟ್ಟಬೇಕೆಂದಿದ್ದೇನೆ. ಎಲ್ಲಿಂದ ಆರಂಭಿಸಲಿ, ಏನೇನನ್ನು ಬದಲಿಸಲೇಬೇಕು ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ

ಡ್ಯಾಂಪರ್ ನಡುಕವನ್ನು ಅಡಗಿಸಿಡುತ್ತದೆಯೇ ಹೊರತು ಅದರ ಮೂಲವನ್ನು ತೆಗೆಯುವುದಿಲ್ಲ. ಎಲ್ಲೋ ಒಂದು ಕಡೆ ಸಡಿಲಿಕೆ ಇದೆ. ಬಿಚ್ಚುವ ಮೊದಲೇ ಅದನ್ನು ಹುಡುಕಿ. ಚಕ್ರಗಳು ನೆಲದ ಮೇಲಿರುವಾಗ ಒಬ್ಬರು ಸ್ಟೀರಿಂಗನ್ನು ಸ್ವಲ್ಪ ಸ್ವಲ್ಪವೇ ಎಡಬಲಕ್ಕೆ ಆಡಿಸುತ್ತಿರಲಿ, ನೀವು ಕೆಳಗೆ ಮಲಗಿ ಟೈ ರಾಡ್ (ಮುಂದಿನ ಎರಡು ಚಕ್ರಗಳನ್ನು ಸೇರಿಸುವ ಸರಳು) ತುದಿಗಳು, ಶ್ಯಾಕಲ್ (ಪಟ್ಟಿಯ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಮತ್ತು ಸ್ಟೀರಿಂಗ್ ಬಾಕ್ಸಿನ ಬೋಲ್ಟುಗಳ ಮೇಲೆ ಒಂದೊಂದಾಗಿ ಕೈಯಿಟ್ಟು ನೋಡಿ. ಕಣ್ಣಿಗೆ ಕಾಣದ ಸಡಿಲಿಕೆ ಬೆರಳಿಗೆ ಸಿಗುತ್ತದೆ.

ಬಿಚ್ಚುವಾಗ ಗಾಡಿಯ ಭಾರವೆಲ್ಲ ಚಾಸಿಯ ಕೆಳಗಿನ ಸ್ಟ್ಯಾಂಡುಗಳ ಮೇಲಿರಬೇಕು. ಆಕ್ಸಲನ್ನು ಪ್ರತ್ಯೇಕವಾಗಿ ಜಾಕ್‌ನಿಂದ ಹಿಡಿದಿಡಬೇಕು. ಜಾಕ್ ಒಂದನ್ನೇ ನಂಬಿ ಗಾಡಿಯ ಕೆಳಗೆ ಹೋಗಬೇಡಿ. ಬ್ರೇಕ್ ಕ್ಯಾಲಿಪರನ್ನು ತಂತಿಯಿಂದ ಚಾಸಿಗೆ ಕಟ್ಟಿ, ಹೋಸಿನಲ್ಲಿ ನೇತಾಡಲು ಬಿಡಬೇಡಿ.

ನಾನು ಮಾಡಿದ ಒಂದು ತಪ್ಪನ್ನು ಹೇಳಲೇಬೇಕು. ಮೊದಲ ಸಲ ಬುಷ್ ಬದಲಿಸಿದಾಗ, ಗಾಡಿ ಇನ್ನೂ ಸ್ಟ್ಯಾಂಡಿನ ಮೇಲಿದ್ದು ಪಟ್ಟಿಗಳು ಕೆಳಕ್ಕೆ ಇಳಿಬಿದ್ದಿರುವಾಗಲೇ ಶ್ಯಾಕಲ್ ಬೋಲ್ಟುಗಳನ್ನು ಪೂರ್ತಿ ಬಿಗಿದುಬಿಟ್ಟೆ. ರಬ್ಬರ್ ಬುಷ್ ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ; ಇಳಿಬಿದ್ದ ಸ್ಥಿತಿಯಲ್ಲಿ ಬಿಗಿದರೆ, ಗಾಡಿ ನೆಲಕ್ಕಿಳಿದ ಕ್ಷಣದಿಂದಲೇ ಅದು ಸದಾ ತಿರುಚಿಕೊಂಡೇ ಇರುತ್ತದೆ. ಆರು ತಿಂಗಳೊಳಗೆ ನಾಲ್ಕೂ ಬುಷ್‌ಗಳು ಹರಿದವು. ಬೋಲ್ಟುಗಳನ್ನು ಕೈಬಿಗಿಗೆ ಬಿಟ್ಟು, ಚಕ್ರ ಹಾಕಿ, ಗಾಡಿಯನ್ನು ನೆಲಕ್ಕಿಳಿಸಿ, ಬಾನೆಟ್ ಮೇಲೆ ನಾಲ್ಕಾರು ಸಲ ಒತ್ತಿ ಅಲುಗಾಡಿಸಿದ ಬಳಿಕವೇ ಟಾರ್ಕ್ ರೆಂಚ್ ಹಿಡಿಯಿರಿ.

ಹಳೆಯ ಬುಷನ್ನು ಸುಟ್ಟು ತೆಗೆಯುವವರಿದ್ದಾರೆ, ಆದರೆ ಆ ಹೊಗೆ ಎದೆಗೆ ಒಳ್ಳೆಯದಲ್ಲ. ರಬ್ಬರನ್ನು ಡ್ರಿಲ್ಲಿನಿಂದ ಕೊರೆದು, ಲೋಹದ ಹೊರಕವಚವಿದ್ದರೆ ಅದನ್ನು ಗರಗಸದ ಬ್ಲೇಡಿನಿಂದ ಉದ್ದಕ್ಕೆ ಸೀಳಿದರೆ ಸುಲಭವಾಗಿ ಹೊರಬರುತ್ತದೆ. ಪಟ್ಟಿಯ ಸುರುಳಿಗೆ ಬ್ಲೇಡ್ ತಾಗದಂತೆ ನೋಡಿಕೊಳ್ಳಿ. ಹೊಸದನ್ನು ಸೇರಿಸಲು ಒಂದು ಉದ್ದನೆಯ ಬೋಲ್ಟು, ನಟ್ಟು, ದಪ್ಪ ವಾಷರ್‌ಗಳು ಮತ್ತು ಸರಿಯಾದ ಅಳತೆಯ ಸಾಕೆಟ್ ಇದ್ದರೆ ಪ್ರೆಸ್ ಬೇಕಾಗುವುದಿಲ್ಲ. ಆಕ್ಸಲನ್ನು ಪಟ್ಟಿಗೆ ಬಿಗಿಯುವ ಯೂ ಬೋಲ್ಟುಗಳನ್ನು ಮಾತ್ರ ಹೊಸದಾಗಿಯೇ ಕೊಳ್ಳಿ. ಒಮ್ಮೆ ಬಿಗಿದು ಎಳೆಸಿಕೊಂಡ ಯೂ ಬೋಲ್ಟು ಎರಡನೆಯ ಸಲ ಅಷ್ಟೇ ಬಿಗಿ ಹಿಡಿಯುತ್ತದೆಂಬ ಭರವಸೆಯಿಲ್ಲ.

ಎರಡನೆಯ ಉತ್ತರ

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ಬುಷ್‌ಗಿಂತ ಮೊದಲು ನನ್ನ ಅನುಮಾನ ಚಕ್ರವನ್ನು ಹೊತ್ತು ಎಡಬಲಕ್ಕೆ ತಿರುಗುವ ನಕಲ್‌ನ ಕಿಂಗ್ ಪಿನ್ ಬೇರಿಂಗುಗಳ ಮೇಲೆ ಬೀಳುತ್ತದೆ. ಲ್ಯಾಂಡ್ ಕ್ರೂಸರ್ 40, 60, 80 ಮತ್ತು ಸುಜುಕಿ ಸಮುರಾಯ್‌ಗಳಲ್ಲಿರುವಂತೆ ಆಕ್ಸಲಿನ ತುದಿಯಲ್ಲಿ ಉಕ್ಕಿನ ದೊಡ್ಡ ಗುಂಡು ಇದ್ದರೆ, ನಕಲ್ ಮೇಲೊಂದು ಕೆಳಗೊಂದು ಬೇರಿಂಗಿನ ಮೇಲೆ ತಿರುಗುತ್ತದೆ. ಗಾಡಿ ಹೆಚ್ಚಿನ ಕಾಲ ನೇರವಾಗಿಯೇ ಓಡುವುದರಿಂದ ರೋಲರ್‌ಗಳು ವರ್ಷಗಟ್ಟಲೆ ಒಂದೇ ಜಾಗದಲ್ಲಿ ಕುಟ್ಟಿ ರೇಸಿನಲ್ಲಿ (ರೋಲರ್ ಉರುಳುವ ಉಕ್ಕಿನ ಬಳೆಯಲ್ಲಿ) ತಗ್ಗು ಮಾಡುತ್ತವೆ. ಆಗ ಬೇರಿಂಗಿನ ಬಿಗಿ ಹೋಗುತ್ತದೆ, ನಡುಕವನ್ನು ತಡೆಯುವ ಘರ್ಷಣೆಯೂ ಹೋಗುತ್ತದೆ.

ಚಕ್ರ ಬಿಚ್ಚಿ, ಟೈ ರಾಡನ್ನೂ ಸ್ಟೀರಿಂಗ್ ಬಾಕ್ಸಿನಿಂದ ಬರುವ ಡ್ರ್ಯಾಗ್ ಲಿಂಕನ್ನೂ ಕಳಚಿ, ನಕಲನ್ನು ಕೈಯಿಂದ ನಿಧಾನವಾಗಿ ತಿರುಗಿಸಿ ನೋಡಿ. ಸರಿಯಾಗಿ ನಡುವೆ ಬಂದಾಗ ಅದು ಕಟಕ್ಕನೆ ಕೂತಂತೆ ಅನ್ನಿಸಿದರೆ ಬೇರಿಂಗ್ ಮುಗಿದಿದೆ.

ಜಿನುಗುತ್ತಿರುವ ಕಪ್ಪು ದ್ರವ ಆಕ್ಸಲಿನ ಒಳಸೀಲ್ ಹರಿದಿರುವುದರ ಗುರುತು. ಡಿಫರೆನ್ಷಿಯಲ್ ಎಣ್ಣೆ ನಕಲಿನೊಳಗಿನ ಗ್ರೀಸಿಗೆ ಬೆರೆತು ಅದನ್ನು ಸಾರಿನಂತೆ ತೆಳುವಾಗಿಸಿ ಹೊರತಳ್ಳುತ್ತಿದೆ. ಹೇಗೂ ನಕಲ್ ಬಿಚ್ಚುತ್ತೀರಿ, ಎರಡೂ ಕಡೆಯ ಸೀಲ್‌ಗಳನ್ನು ಬದಲಿಸಿಬಿಡಿ. ಮೇಲಿನ ಮತ್ತು ಕೆಳಗಿನ ಮುಚ್ಚಳಗಳಡಿ ಸಿಗುವ ತೆಳು ಲೋಹದ ಹಾಳೆಗಳಾದ ಷಿಮ್‌ಗಳನ್ನು ಎಲ್ಲಿಯವು ಎಂದು ಬರೆದು ಬೇರೆಬೇರೆಯಾಗಿ ಕಟ್ಟಿಡಿ. ಬಿಗಿಯೂ, ನಕಲಿನ ಎತ್ತರವೂ ಅವುಗಳಿಂದಲೇ ನಿರ್ಧಾರವಾಗುತ್ತವೆ. ಹೊಸ ಬೇರಿಂಗ್ ಹಾಕಿದ ಮೇಲೆ, ಗುಂಡನ್ನು ಒರೆಸುವ ವೈಪರ್ ಸೀಲ್ ಮತ್ತು ಆಕ್ಸಲ್ ಶಾಫ್ಟ್ ಇಲ್ಲದೆಯೇ, ಸ್ಟೀರಿಂಗ್ ತೋಳಿನ ರಂಧ್ರಕ್ಕೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು, ನಕಲ್ ಅಲುಗಿದ ಕ್ಷಣದ ತೂಕವನ್ನು ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದ ಅಂಕಿಗೆ ಹೋಲಿಸಿ. ಷಿಮ್ ತೆಗೆದರೆ ಬಿಗಿ ಹೆಚ್ಚುತ್ತದೆ, ಸೇರಿಸಿದರೆ ತಗ್ಗುತ್ತದೆ, 0.1 ಮಿಲಿಮೀಟರ್ ಕೂಡ ಲೆಕ್ಕಕ್ಕೆ ಬರುತ್ತದೆ.

ಪ್ರಶ್ನೆ ಕೇಳಿದವರ ಮರುನುಡಿ

ಇಬ್ಬರಿಗೂ ಕೃತಜ್ಞತೆಗಳು. ಬಲ ನಕಲ್ ನೀವು ಹೇಳಿದಂತೆಯೇ ನಡುವಿನಲ್ಲಿ ಕೂರುತ್ತಿತ್ತು. ಬಿಚ್ಚಿ ಒರೆಸಿದಾಗ ಕೆಳಗಿನ ರೇಸಿನಲ್ಲಿ ಸಾಲು ಗೆರೆಗಳು ಕಂಡವು. ಉಗುರು ಆಡಿಸಿದರೆ ಪ್ರತಿಯೊಂದರಲ್ಲೂ ಸಿಕ್ಕಿಕೊಳ್ಳುತ್ತದೆ. ಆದರೆ ಗುಂಡಿನೊಳಗೆ ಬಿಗಿಯಾಗಿ ಕೂತಿರುವ ಆ ರೇಸನ್ನು ತೆಗೆಯುವುದು ಹೇಗೆ?

ಎರಡನೆಯವರ ಉತ್ತರ

ಹಿತ್ತಾಳೆಯ ಸರಳನ್ನು ಒಳಗಿನಿಂದ ರೇಸಿನ ಅಂಚಿಗೆ ಆನಿಸಿ, ಎದುರುಬದುರು ಜಾಗಗಳಲ್ಲಿ ಸರದಿಯಂತೆ ಹೊಡೆಯಿರಿ. ಒಂದೇ ಕಡೆ ಹೊಡೆದರೆ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಹೊಸ ರೇಸನ್ನು ಕೆಲವು ಗಂಟೆ ಫ್ರೀಜರಿನಲ್ಲಿಟ್ಟರೆ ತುಸು ಕುಗ್ಗುತ್ತದೆ. ಹಳೆಯ ರೇಸನ್ನೇ ಅದರ ಮೇಲೆ ಬೋರಲಿಟ್ಟು ಒಳಕ್ಕೆ ಬಡಿಯಬಹುದು. ಕಿವಿಗೊಟ್ಟು ಕೇಳುತ್ತಿರಿ: ಇಳಿಯುವಷ್ಟು ಹೊತ್ತು ಸುತ್ತಿಗೆಯ ಸದ್ದು ಮಂದವಾಗಿರುತ್ತದೆ, ತಳಕ್ಕೆ ಕೂತೊಡನೆ ಠಣ್ಣೆಂದು ಗಟ್ಟಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಿ.