ಜರ್ಮನಿಗೆ 14 ತಿಂಗಳ ಅಸೈನ್‌ಮೆಂಟ್: ಪಾಲಿಸಿಯಲ್ಲಿ ಏನೇನು ಬರೆದಿಡಬೇಕು?

ಪೀಣ್ಯ ಎಚ್‌ಆರ್:
ನಾಲ್ವರು ಎಂಜಿನಿಯರ್‌ಗಳನ್ನು ಸ್ಟುಟ್‌ಗಾರ್ಟ್‌ನಲ್ಲಿರುವ ನಮ್ಮದೇ ಗ್ರೂಪ್ ಕಂಪನಿಗೆ 14 ತಿಂಗಳಿಗೆ ಕಳಿಸಬೇಕು. ಸಂಬಳ ಇಲ್ಲಿಂದಲೇ, ಅಲ್ಲಿಯ ಖರ್ಚಿಗೆ ಭತ್ಯೆ. ಸದ್ಯ ಕೈಯಲ್ಲಿರುವುದು ಕಂಪನಿಯ ಟ್ರಾವೆಲ್ ಪಾಲಿಸಿ (ಪ್ರವಾಸದ ನಿಯಮಾವಳಿ) ಒಂದೇ. ಅದನ್ನೇ ಹಿಗ್ಗಿಸಿದರೆ ಸಾಕೇ? ಅಲ್ಲಿಯ ತೆರಿಗೆ ಯಾರ ತಲೆಗೆ? ಪಿಎಫ್ ಏನಾಗುತ್ತದೆ?

ತೆರಿಗೆ ಲೆಕ್ಕ:
ಸಾಲುವುದಿಲ್ಲ. ‘ಅಲ್ಲಿ ಇರುವುದು ವರ್ಷಕ್ಕೆ 183 ದಿನದೊಳಗಾದರೆ ಅಲ್ಲಿ ತೆರಿಗೆ ಇಲ್ಲ’ ಅನ್ನುವುದನ್ನು ನಂಬಿಕೊಂಡೇ ಹೆಚ್ಚಿನವರು ಎಡವುವುದು. ಜರ್ಮನಿಯ ತೆರಿಗೆ ವರ್ಷ ಜನವರಿಯಿಂದ ಡಿಸೆಂಬರ್. 14 ತಿಂಗಳಲ್ಲಿ ಒಂದು ವರ್ಷವಾದರೂ 183 ದಾಟಿಯೇ ದಾಟುತ್ತದೆ. ಸಂಬಳದ ಖರ್ಚನ್ನು ಅಲ್ಲಿಯ ಕಂಪನಿಗೆ ಡೆಬಿಟ್ ಮಾಡಿದರಂತೂ (ಅವರ ಲೆಕ್ಕಕ್ಕೆ ಹಾಕಿದರಂತೂ) ಈ 183 ದಿನದ ವಿನಾಯಿತಿಯೇ ಸಿಗುವುದಿಲ್ಲ.

ಆದ್ದರಿಂದ ಟ್ಯಾಕ್ಸ್ ಈಕ್ವಲೈಸೇಷನ್ ಬರೆಯಿರಿ. ಉದ್ಯೋಗಿ ಇಲ್ಲೇ ಇದ್ದಿದ್ದರೆ ಎಷ್ಟು ತೆರಿಗೆ ಕಟ್ಟುತ್ತಿದ್ದರೋ ಅಷ್ಟನ್ನು ತಿಂಗಳಾ ಹಿಡಿದುಕೊಳ್ಳಿ. ಎರಡೂ ದೇಶದ ನಿಜವಾದ ತೆರಿಗೆಯನ್ನು ಕಂಪನಿಯೇ ಕಟ್ಟಲಿ. ಹೀಗೆ ಕಟ್ಟಿದ ತೆರಿಗೆಯೂ ಅಲ್ಲಿ ಆದಾಯವೇ. ಬಜೆಟ್‌ನಲ್ಲಿ ಗ್ರಾಸ್-ಅಪ್ (ತೆರಿಗೆಯ ಮೇಲೆ ಬೀಳುವ ತೆರಿಗೆ) ಸೇರಿಸದಿದ್ದರೆ ಅಂದಾಜು ನೆಲಕಚ್ಚುತ್ತದೆ. ಮೂರು ಸಾಲು ಮರೆಯಬೇಡಿ: ಮನೆ ಬಾಡಿಗೆ, ಷೇರು ಲಾಭದಂಥ ಸ್ವಂತ ಆದಾಯ ಒಳಗೋ ಹೊರಗೋ, ಜರ್ಮನಿಯ ರೀಫಂಡ್ ಉದ್ಯೋಗಿಯ ಖಾತೆಗೆ ಬಿದ್ದರೂ ಅದು ಕಂಪನಿಯ ಹಣ, ವಾಪಸಾದ ಮೇಲೆ ಸಿಗುವ ಬೋನಸ್‌ನಲ್ಲಿ ಅಲ್ಲಿ ದುಡಿದ ತಿಂಗಳ ಪಾಲಿಗೂ ಇದೇ ನಿಯಮ.

ಹೊರಡುವ ತಿಂಗಳನ್ನೂ ನೋಡಿ. ನವೆಂಬರ್‌ನಲ್ಲಿ ಹೊರಟರೆ ಅಷ್ಟರೊಳಗೆ, ಏಪ್ರಿಲ್‌ನಿಂದ ಎಣಿಸಿದರೆ, ಇಲ್ಲಿ 182 ದಿನ ಆಗಿರುತ್ತದೆ. ಆ ಆರ್ಥಿಕ ವರ್ಷಕ್ಕೆ ಅವರು ಭಾರತದ ನಿವಾಸಿ. ಜರ್ಮನಿಯ ಭತ್ಯೆಯೂ ಇಲ್ಲಿ ತೆರಿಗೆಗೆ ಬರುತ್ತದೆ, ಅಲ್ಲಿ ಕಟ್ಟಿದ್ದಕ್ಕೆ ಇಲ್ಲಿಯ ತೆರಿಗೆಯಲ್ಲಿ ಕ್ರೆಡಿಟ್ (ಕಡಿತ) ಕೇಳಬೇಕು.

ವೀಸಾ ಕಡತ:
ಪಿಎಫ್ ಇಲ್ಲೇ ಮುಂದುವರಿಯುತ್ತದೆ. ಭಾರತ-ಜರ್ಮನಿ ಸಾಮಾಜಿಕ ಭದ್ರತಾ ಒಪ್ಪಂದದಡಿ 48 ತಿಂಗಳವರೆಗೆ ಅಲ್ಲಿಯ ಪಿಂಚಣಿ ವಂತಿಗೆಯಿಂದ ವಿನಾಯಿತಿ ಇದೆ. ಅದಕ್ಕೆ ಇಪಿಎಫ್‌ಒದಿಂದ (ಪಿಎಫ್ ಸಂಸ್ಥೆ) ಸರ್ಟಿಫಿಕೇಟ್ ಆಫ್ ಕವರೇಜ್, ಅಂದರೆ ಇಲ್ಲೇ ವಂತಿಗೆ ಕಟ್ಟುತ್ತಿದ್ದಾರೆ ಅನ್ನುವ ಪ್ರಮಾಣಪತ್ರ, ತೆಗೆಸಿಕೊಂಡೇ ವಿಮಾನ ಹತ್ತಿಸಿ. ಇಲ್ಲದಿದ್ದರೆ ಸಂಬಳದ 18.6% ಕೇಳುತ್ತಾರೆ, ಅರ್ಧ ಕಂಪನಿಯದು, ಅರ್ಧ ಉದ್ಯೋಗಿಯದು. ಆರೋಗ್ಯ ವಿಮೆ ಈ ಒಪ್ಪಂದದಲ್ಲಿಲ್ಲ. ಟ್ರಾವೆಲ್ ಇನ್ಶೂರೆನ್ಸ್ ಸಾಲದು. ಹೆರಿಗೆ, ಹಳೆಯ ಕಾಯಿಲೆಗಳೂ ಸೇರಿದ ಪೂರ್ತಿ ಆರೋಗ್ಯ ವಿಮೆ ಬೇಕು, ಕುಟುಂಬ ಹೋಗುವುದಾದರೆ ಅವರಿಗೂ.

ಬಿಸಿನೆಸ್ ವೀಸಾದಲ್ಲಿ ಕಳಿಸಿ ‘ಆಮೇಲೆ ನೋಡೋಣ’ ಅನ್ನಬೇಡಿ. ಗ್ರೂಪ್ ಕಂಪನಿಗಾದರೆ ಐಸಿಟಿ ಕಾರ್ಡ್ (ಒಂದೇ ಗ್ರೂಪ್‌ನೊಳಗೆ ವರ್ಗವಾಗಿ ಬರುವವರಿಗೆ ಕೊಡುವ ವಾಸದ ಪರವಾನಗಿ). ಕನಿಷ್ಠ 6 ತಿಂಗಳು ನಿಮ್ಮಲ್ಲಿ ಕೆಲಸ ಮಾಡಿರಬೇಕು, ಅರ್ಜಿ ಹೊರಡುವ ಮುಂಚೆಯೇ ಹಾಕಬೇಕು. ಆರು ತಿಂಗಳು ತುಂಬದವರನ್ನು ಪಟ್ಟಿಗೇ ಸೇರಿಸಬಾರದೆಂದು ಪಾಲಿಸಿಯಲ್ಲೇ ಹೇಳಿಬಿಡಿ.

ಪೀಣ್ಯ ಎಚ್‌ಆರ್:
ತುಂಬಾ ಉಪಕಾರವಾಯಿತು. ಮನೆಯ ಅಡ್ವಾನ್ಸ್ ಕಂಪನಿ ಕೊಡಬೇಕೇ?

ವೀಸಾ ಕಡತ:
ಬಡ್ಡಿಯಿಲ್ಲದ ಸಾಲವಾಗಿ ಕೊಡಿ, ವಾಪಸಾದಾಗ ಹಿಡಿದುಕೊಳ್ಳಿ. ಬೆಂಗಳೂರಿನ ಹತ್ತು ತಿಂಗಳ ಲೆಕ್ಕ ಅಲ್ಲಿಲ್ಲ. ಹೀಟಿಂಗ್ ವಗೈರೆ ಬಿಟ್ಟು ಬರೀ ಬಾಡಿಗೆಯ 3 ತಿಂಗಳಷ್ಟೇ ಗರಿಷ್ಠ, ಅದನ್ನೂ 3 ಕಂತಿನಲ್ಲಿ ಕೊಡಬಹುದು. ಮುಖ್ಯವಾದದ್ದು ಬೇರೆಯೇ ಇದೆ. ಮನೆ ಸೇರಿದ 2 ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಮಾಲೀಕರು ಸಹಿ ಮಾಡಿದ ಚೀಟಿ ಬೇಕು. ನೋಂದಣಿಯಾದ ಮೇಲೆಯೇ ತೆರಿಗೆ ನಂಬರ್ ಅಂಚೆಯಲ್ಲಿ ಬರುವುದು. ಆದ್ದರಿಂದ ತಾತ್ಕಾಲಿಕ ವಸತಿ ಬುಕ್ ಮಾಡುವಾಗಲೇ ಆ ಚೀಟಿ ಕೊಡುತ್ತಾರಾ ಎಂದು ಕೇಳಿ ಬರೆಸಿಕೊಳ್ಳಿ.